ಇಟಲಿಯಲ್ಲಿ ಒಂದು ಚಿಟಿಕೆ ಬೂದಿ

ವೆಲ್ಲಿಂಗ್ಟನ್

ನಮ್ಮ ಮಾವ ನಂಜುಂಡಪ್ಪನವರು ಯುದ್ಧ ಕಂಡವರಲ್ಲ. ಆದರೂ ಊಟಿ ಹತ್ತಿರದ ವೆಲ್ಲಿಂಗ್ಟನ್ನಿನ ನಮ್ಮ ಮನೆಗೆ ಮೊದಲ ಸಲ ಬಂದವರು ಜಗಲಿಯಲ್ಲೇ ನಿಂತು, ‘ಯಾವ ರೆಜಿಮೆಂಟು ಸಾರ್?’ ಎಂದು ಕೇಳುತ್ತಾರೆ. ಅಲ್ಲಿ ಉಕ್ಕಿನ ಟೋಪಿಗಳು ಸಾಲಾಗಿ ತೂಗುತ್ತವೆ. ಒಳಗೆ ಹೋದರೆ ನೀರಿನ ಬಾಟಲಿಗಳು, ಬೆಲ್ಟಿನ ಬಕಲುಗಳು, ಯಾರೋ ಕಳೆದುಕೊಂಡ ಗುಂಡಿಗಳು. ಮಿಲಿಟರಿಯವರು ಬಳಕೆಗೆ ಬಾರದ ‘ಕಂಡಮ್’ ಸಾಮಾನು ಹರಾಜಿಗೆ ಹಾಕಿದಾಗಲೆಲ್ಲ ಮಾವ ಪಕ್ಕದ ಕೆತ್ತಿ ಊರಿನ ಕ್ಯಾರೆಟ್ ಹೊಲವನ್ನು ಹಾಗೇ ಬಿಟ್ಟು ಓಡುತ್ತಿದ್ದರು. ಹಾಗೆ ಬಂದ ಗುಂಡಿನ ಪೆಟ್ಟಿಗೆಯೊಂದರಲ್ಲಿ ನಮ್ಮತ್ತೆ ರಾಗಿ ಹಿಟ್ಟು ತುಂಬಿಡುತ್ತಾರೆ. ಹುಳು ಬೀಳುವುದಿಲ್ಲವಂತೆ. ಮಹಾಯುದ್ಧದಿಂದ ಈ ಮನೆಗೆ ಆದ ಲಾಭ ಅದೊಂದೇ ಎಂದು ಅತ್ತೆ ಹೇಳುವುದುಂಟು.

ಆದ ನಷ್ಟ ಮಾವನ ತಂದೆ. ಬಸವಣ್ಣಪ್ಪ ಎಂದು ಅವರ ಹೆಸರು. ಗುಂಡ್ಲುಪೇಟೆ ಕಡೆಯಿಂದ ಮಸಿನಗುಡಿ ದಾರಿಯಲ್ಲಿ ತಟ್ಟುಕುದುರೆಗಳ ಮೇಲೆ ಹೇರು ಹೊರಿಸಿಕೊಂಡು ಊಟಿಗೆ ಬರುತ್ತಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಹೇಸರಗತ್ತೆ ನಡೆಸಲು ಆಳು ಬೇಕಾದಾಗ ಸೈನ್ಯ ಅವರನ್ನು ಸೇರಿಸಿಕೊಂಡಿತು. ಆಗ ಮಾವ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಬಸವಣ್ಣಪ್ಪ ಹೇಸರಗತ್ತೆಗಳ ಜೊತೆ ಇಟಲಿಯ ಬೆಟ್ಟ ಹತ್ತಿದರು. ಇಳಿದು ಬರಲಿಲ್ಲ. ಮನೆಗೆ ತಂತಿ ಬಂತು.

ಅವರದೊಂದು ಫೋಟೊ ಇತ್ತು. ಪ್ರತಿ ವರ್ಷ ಪಕ್ಷದಲ್ಲಿ, ಹಿರಿಯರಿಗೆ ಎಡೆ ಇಡುವ ದಿನ, ಮಾವನ ತಾಯಿ ಅದರ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಗಾಜು ಹಾಕಿಸಲು ಒಪ್ಪಲಿಲ್ಲ. ಗಾಜಿನ ಮೇಲೆ ಹಚ್ಚಿದರೆ ಅದು ಗಾಜಿಗೆ ಸೇರುತ್ತದೆಯೇ ಹೊರತು ಗಂಡನಿಗಲ್ಲ ಎಂಬುದು ಆಕೆಯ ವಾದ. ಮೊದಲು ಹಣೆ ಹೋಯಿತು, ಆಮೇಲೆ ಹುಬ್ಬು, ಕಣ್ಣು, ಮೂಗು. ಅಪ್ಪನ ಮುಖ ನೋಡಬೇಕೆಂಬ ಬುದ್ಧಿ ಮಾವನಿಗೆ ಬರುವ ಹೊತ್ತಿಗೆ ಯೂನಿಫಾರ್ಮಿನ ಮೇಲೆ ಒಂದು ಬಿಳಿ ಮಬ್ಬು ಮಾತ್ರ ಉಳಿದಿತ್ತು. ಅಷ್ಟು ಭಕ್ತಿಯಿಂದ ಅಳಿಸಿದವರನ್ನು ಬೈಯುವಂತೆಯೂ ಇರಲಿಲ್ಲ.

‘ಅವ್ವಾ, ಅಪ್ಪ ಹೆಂಗಿದ್ರು?’ ಎಂದು ಹುಡುಗ ಕೇಳಿದರೆ, ‘ಕನ್ನಡೀಲಿ ನೋಡ್ಕೊ, ಅಚ್ಚು ಒತ್ದಂಗೆ ನಿಮ್ಮಪ್ಪ’ ಎಂದು ಆಕೆ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಅದಕ್ಕೇ ಎಂಬತ್ತು ದಾಟಿದ ಮೇಲೂ ಮಾವ ಗಡ್ಡ ಕೆರೆಯುವಾಗ ಕನ್ನಡಿಯ ಮುಂದೆ ಸ್ವಲ್ಪ ಮರ್ಯಾದೆಯಿಂದ ನಿಲ್ಲುತ್ತಾರೆ.

ನಾನು ಈ ಮನೆಯ ಸೊಸೆ ಗೌರಿ. ಬಜಾರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತೇನೆ. ಮಿಲಿಟರಿ ಊರಾದ್ದರಿಂದ ತಾತಂದಿರ ಕೊರತೆ ಇಲ್ಲ. ತಾನೇ ಬಣ್ಣ ಹಾಕುವ ಸಾಫ್ಟ್‌ವೇರೂ ಬಂದಿದೆ. ಆದರೆ ಅದಕ್ಕೆ ಬಿಳಿ ಕಂಡರಾಗದು. ನಮ್ಮ ಬೆಟ್ಟದ ಬಡಗರ ಮದುವೆ ಫೋಟೊ ಕೊಟ್ಟರೆ, ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟ ಹೆಂಗಸರಿಗೆಲ್ಲ ತಿಳಿನೀಲಿ ಸೀರೆ ಉಡಿಸಿ ಕೂರಿಸುತ್ತದೆ. ಆ ನೀಲಿಯನ್ನು ಒಂದೊಂದಾಗಿ ತೆಗೆಯುವುದೇ ನನ್ನ ಕಸುಬು ಎಂದರೂ ಆದೀತು. ಎಷ್ಟು ಕಸುಬು ಗೊತ್ತಿದ್ದರೂ ಇಲ್ಲದ ಮುಖಕ್ಕೆ ಬಣ್ಣ ಹಾಕಲಾಗದು. ಮಾವ ಆ ಮಬ್ಬು ಫೋಟೊ ಹಿಡಿದು ಸ್ಟುಡಿಯೊಗೆ ಬಂದಾಗಲೆಲ್ಲ ನಾನು ಕಾಫಿ ತರಿಸುತ್ತಿದ್ದೆ. ಕೊಡಲು ಬೇರೇನೂ ಇರಲಿಲ್ಲ.

ಯುದ್ಧದ ಸಾಮಾನು ಕೂಡಿಡುವವರ ಗುಂಪೊಂದು ಮಾವನ ಫೋನಿನಲ್ಲಿದೆ. ಅದರಲ್ಲಿ ಇಟಲಿಯ ಹಳ್ಳಿಯೊಂದರ ಪಿಯೆರಾ ಎಂಬಾಕೆ ತಮ್ಮ ಮನೆಯ ಗೋಡೆಯ ಮೇಲಿದ್ದ ಚಿತ್ರ ಹಾಕಿದರು. ಹೇಸರಗತ್ತೆಯ ಮೇಲೊಬ್ಬ ಹುಡುಗಿ, ಪಕ್ಕದಲ್ಲಿ ಅಂಗಿ ಬಿಚ್ಚಿ ಹಗ್ಗ ಹಿಡಿದು ನಿಂತ ಹಿಂದೂಸ್ತಾನದ ಸಿಪಾಯಿ. ಅವನ ಎದೆಯ ಮೇಲೆ ಲಿಂಗದ ಕರಡಿಗೆ! ಅದರ ಒಂದು ಕೊಂಡಿ ಮುರಿದು, ಅಲ್ಲಿ ಬಟ್ಟೆಯ ಚೂರು ಸುತ್ತಿತ್ತು. ಮಾವ ಫೋನನ್ನು ನನ್ನ ಮೂಗಿಗೇ ತಗುಲಿಸಿದರು.

‘ನೋಡವ್ವ, ನೋಡು! ಅಪ್ಪ ಹೊಂಟಾಗ ಕರಡಿಗೆ ಕೊಂಡಿ ಮುರ್ದಿತ್ತು. ರಿಪೇರಿ ಮಾಡ್ಸಕ್ಕೆ ಟೈಮಿಲ್ದೆ ಅವ್ವ ತನ್ ಸೀರೆ ಹಸ್ರು ಅಂಚು ಹರ್ದು ಸುತ್ತಿತ್ತು. ಸಾಯೋಗಂಟ ಅದನ್ನೇ ಹೇಳ್ತಿತ್ತು.’

ಸಿಪಾಯಿಯ ಮುಖದ ಜಾಗದಲ್ಲಿ ಮಾತ್ರ ಬೆಳಕಿತ್ತು. ಚಿತ್ರದ ಎದುರಿಗೆ ಕಿಟಕಿ ಇತ್ತಂತೆ. ಗಾಜಿನ ಮೇಲಿನ ಹೊಳಪು ಸರಿಯಾಗಿ ಕತ್ತಿನಿಂದ ಮೇಲಕ್ಕೆ ಕೂತಿತ್ತು. ಇನ್ನೊಂದು ತೆಗೆದು ಕಳಿಸಿ ಎಂದು ಬರೆದೆ. ಆ ಪುಣ್ಯಾತ್ಗಿತ್ತಿ ಕಿಟಕಿ ಮುಚ್ಚಿ ಫ್ಲ್ಯಾಶ್ ಹಾಕಿ ತೆಗೆದು ಕಳಿಸಿದರು. ಆಗ ಕರಡಿಗೆಯೂ ಕಾಣಲಿಲ್ಲ. ಮೊಳೆ ತುಕ್ಕು ಹಿಡಿದಿದೆ, ಕೀಳಲು ಹೋದರೆ ಗಾರೆ ಬೀಳುತ್ತದೆ, ನೀವೇ ಬಂದು ನೋಡಿ, ಊಟಕ್ಕಿರಿ ಎಂದು ಬರೆದರು. ಇದನ್ನು ಉಪಚಾರದ ಮಾತೆಂದು ನಾವು ತಿಳಿದೆವು. ಮಾವ ಮಾತ್ರ ಪಾಸ್‌ಪೋರ್ಟಿಗೆ ಫೋಟೊ ತೆಗೆಯಲು ನನ್ನ ಸ್ಟುಡಿಯೊದ ಸ್ಟೂಲಿನ ಮೇಲೆ ಬಂದು ಕೂತರು.

ನನ್ನ ಗಂಡನಿಗೆ ಬೆಟ್ಟ ಇಳಿಯುವ ದಾರಿಯ ಬರ್ಲಿಯಾರ್ ತಿರುವು ದಾಟಿದರೇ ವಾಂತಿ. ಹೀಗಾಗಿ ಜೊತೆಗೆ ಹೋಗುವ ಪಾಳಿ ನನಗೆ ಬಂತು.

‘ಊಟೀಲಿ ಸಂತೆಗೆ ಹೋದ್ರೆ ಛತ್ರಿ ಮರ್ತು ಬತ್ತಾರೆ. ಇವ್ರನ್ನ ಅಲ್ಲಿ ಮರ್ತು ಬಂದ್ಬುಟ್ಟೀಯ, ಜೋಪಾನ’ ಎಂದು ಹೇಳಿ ಅತ್ತೆ ಚಟ್ನಿಪುಡಿ ಕಟ್ಟಿಕೊಟ್ಟರು.

ಇಳಿದ ಮೇಲೆ

ಇಟಲಿಯ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿಗೆ ಯಾವ ತೊಂದರೆಯೂ ಆಗಲಿಲ್ಲ. ಸಿಕ್ಕಿಬಿದ್ದದ್ದು ವಿಭೂತಿ.

ಮಾವ ದಿನಾ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸದೆ ತುತ್ತು ಮುಟ್ಟುವವರಲ್ಲ. ಅದಕ್ಕೆಂದು ಗಟ್ಟಿ ವಿಭೂತಿಯ ಉಂಡೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ, ಒಳಬನೀನಿನ ಒಳಗೆ ಇಟ್ಟಿದ್ದರು. ಬಿಳಿ ಪುಡಿಯ ಉಂಡೆಯನ್ನು ಅದಕ್ಕಿಂತ ಅನುಮಾನ ಬರುವಂತೆ ಇಡುವುದು ಕಷ್ಟ. ಅಧಿಕಾರಿ ಅದನ್ನು ಎತ್ತಿ ಹಿಡಿದು ಏನೆಂದು ಕೇಳಿದ. ನಾನು ‘ಹೋಲಿ ಆಶ್’ ಎಂದೆ. ಮಾವನಿಗೆ ನನ್ನ ವಿವರಣೆ ಸಾಲದೆನಿಸಿತು. ಒಂದು ಉಂಡೆ ಕಿತ್ತುಕೊಂಡು, ಅಂಗೈ ಒದ್ದೆ ಮಾಡಿ ತೇಯ್ದು, ಹಣೆಗೆ ಮೂರು ಬೆರಳು ಎಳೆದು ತೋರಿಸಿದರು. ಬಳಿಕ ಅಧಿಕಾರಿಯ ಹಣೆಯ ಕಡೆಗೂ ಕೈ ಚಾಚಿದರು. ಅಲ್ಲಿಗೆ ಇನ್ನಿಬ್ಬರು ಬಂದರು, ಒಂದು ನಾಯಿಯೂ ಬಂತು.

ನಾಯಿ ಮೂಸಿತು. ಸೀನಿತು. ನಮ್ಮನ್ನು ಬಿಟ್ಟರು. ಪರೀಕ್ಷೆಗೆಂದು ಒಳಗೆ ಹೋದ ವಿಭೂತಿ ಮಾತ್ರ ವಾಪಸು ಬರಲಿಲ್ಲ.

ಅಲ್ಲಿಂದ ಮಾವನ ಸಿಡುಕು ಶುರುವಾಯಿತು. ಹೋಟೆಲಿನಲ್ಲಿ ಬೂದಿಗಾಗಿ ಹುಡುಕಿದೆವು. ಒಲೆಗಳೆಲ್ಲ ಕರೆಂಟಿನವು. ಬೀಡಿ ಸಿಗರೇಟು ಸೇದಬಾರದೆಂದು ಕೋಣೆ ಕೋಣೆಗೂ ಬೋರ್ಡು. ಊರತುಂಬ ಇಗರ್ಜಿಗಳು, ಒಳಗೆ ಹೋದರೆ ಕಾಸು ಹಾಕಿದರೆ ಉರಿಯುವ ಬಲ್ಬಿನ ದೀಪಗಳು. ‘ಇಷ್ಟ್ ದೊಡ್ ದೇಸ. ಒಂದ್ ಚಿಟಿಕೆ ಬೂದಿಗೆ ಗತಿ ಇಲ್ವಲ್ಲವ್ವ’ ಎಂದು ಮಾವ ಕನಿಕರಪಟ್ಟರು. ನನ್ನ ಪೌಡರ್ ಡಬ್ಬಿ ತೋರಿಸಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಡಬ್ಬಿಯನ್ನು ಮತ್ತೆ ಬ್ಯಾಗಿನ ತಳಕ್ಕೆ ಹಾಕಿದೆ.

ಬೋಳು ಹಣೆಯಲ್ಲಿ ಪೂಜೆ ಮಾಡಿಕೊಂಡು, ಬ್ರೆಡ್ಡಿಗೆ ಚಟ್ನಿಪುಡಿ ಸವರಿಕೊಂಡು ಮಾವ ದಿನ ನೂಕಿದರು. ನಾವು ಮಾಂಸ ತಿನ್ನುವುದಿಲ್ಲ ಎಂದು ಫೋನಿನಲ್ಲಿ ಇಟಾಲಿಯನ್ನಿಗೆ ತಿರುಗಿಸಿ ತೋರಿಸಿದರೆ, ಹೋಟೆಲಿನವರು ತುಂಬ ಮರುಗಿ, ಮೀನು ತಂದಿಟ್ಟರು.

ಕಡಲ ಹತ್ತಿರದ ಸ್ಮಶಾನ

ಹಳ್ಳಿಗೆ ಹೋಗುವ ದಾರಿಯಲ್ಲಿ, ಯುದ್ಧದಲ್ಲಿ ಸತ್ತವರಿಗಾಗಿ ಕಟ್ಟಿದ ಸ್ಮಶಾನವಿದೆ. ಹುಲ್ಲು ಕತ್ತರಿಸಿ ಎಷ್ಟು ನೀಟಾಗಿ ಇಟ್ಟಿದ್ದಾರೆಂದರೆ ಊಟಿಯ ತೋಟದ ಮಾಲಿಗಳನ್ನು ಕರೆತಂದು ತೋರಿಸಬೇಕು. ನಮ್ಮ ದೇಶದವರ ಹೆಸರುಗಳು ಕಲ್ಲಿನಲ್ಲಿದ್ದವು. ಬಸವಣ್ಣಪ್ಪ ಎಂಬ ಹೆಸರು ಇಂಗ್ಲಿಷಿನಲ್ಲಿ ಸ್ವಲ್ಪ ಅಡ್ಡಾದಿಡ್ಡಿಯಾಗಿ ಸಿಕ್ಕಿತು. ಮಾವ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಳುತ್ತಾರೇನೋ ಎಂದು ನಾನು ಕರವಸ್ತ್ರ ತೆಗೆದೆ. ಅವರು ಅದನ್ನು ಇಸಿದುಕೊಂಡು ಕಲ್ಲಿನ ಮೇಲಿದ್ದ ಹಕ್ಕಿಯ ಹಿಕ್ಕೆ ಒರೆಸಿದರು.

ನಿಜವಾಗಿ ಅವರನ್ನು ಕಲಕಿದ್ದು ಮುಂದಿನ ಊರಿನ ಸ್ಮಶಾನ. ಟ್ಯಾಕ್ಸಿ ಚಾಲಕ ತನ್ನ ಅಜ್ಜಿಗೆ ಹೂವಿಟ್ಟು ಬರುತ್ತೇನೆಂದು ನಿಲ್ಲಿಸಿದ. ಆ ದೇಶದಲ್ಲಿ ಪ್ರತಿ ಸಮಾಧಿಗೂ ಸತ್ತವರ ಫೋಟೊ ಇರುತ್ತದೆ. ಪಿಂಗಾಣಿಯ ಬಿಲ್ಲೆಯಲ್ಲಿ ಸುಟ್ಟು ಕೂರಿಸಿದ್ದು. ಮಳೆ ಬಿಸಿಲಿಗೆ ಜಗ್ಗುವುದಿಲ್ಲ. ಮೀಸೆಯ ರೈತರು, ಮುನಿಸಿಕೊಂಡ ಅಜ್ಜಿಯರು, ಮೋಟರ್ ಸೈಕಲ್ಲಿನ ಮೇಲೆ ಕೂತ ಹುಡುಗ. ಮಾವ ಒಬ್ಬೊಬ್ಬರ ಮುಂದೆಯೂ ನಿಂತು, ನೆಂಟರ ಮನೆಯ ಮದುವೆಗೆ ಬಂದವರಂತೆ ಎಲ್ಲರ ಮುಖ ನೋಡಿಕೊಂಡು ಬಂದರು. ಕಾರು ಹತ್ತಿದ ಮೇಲೂ ತಿರುಗಿ ತಿರುಗಿ ಅತ್ತ ನೋಡಿದರು.

‘ಎಲ್ರಿಗೂ ಮುಖ ಅದೆ ಕಣವ್ವ’ ಎಂದರು ಕೊನೆಗೆ.

ಬೆಟ್ಟದ ಊರು

ಪಿಯೆರಾ ಅವರ ಹಳ್ಳಿಗೆ ಹೋಗುವ ರಸ್ತೆ ನಮ್ಮ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯ ದಾಯಾದಿ. ತಿರುವುಗಳಲ್ಲಿ ನಂಬರ್ ಬರೆದಿಲ್ಲ, ಅಷ್ಟೇ ವ್ಯತ್ಯಾಸ. ಆ ಕಡೆಯವರಿಗೆ ಕೈ ಆಡಿಸದೆ ಮಾತು ಹೊರಡುವುದಿಲ್ಲ. ನಮ್ಮ ಚಾಲಕ ಮಾತುಗಾರ. ಹೀಗಾಗಿ ಸ್ಟೀರಿಂಗ್ ಬಹುತೇಕ ಒಂಟಿಯಾಗಿತ್ತು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ, ಕೆಳಗೆ ಮಂಜು, ಕೋಸು, ಆಲೂಗೆಡ್ಡೆ. ನಾನು ಕೆತ್ತಿಯಲ್ಲೇ ಇದ್ದೇನೆಂದು ಕಣ್ಣು ಮುಚ್ಚಿಕೊಂಡೆ.

ನಾವು ತಲುಪಿದ್ದು ಮಧ್ಯಾಹ್ನ. ಅಂಗಡಿ, ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತು. ಸಾವಾಗಿದೆ ಎಂದುಕೊಂಡು ನಾವು ಇಗರ್ಜಿಯ ಮೆಟ್ಟಿಲ ಮೇಲೆ ತಗ್ಗಿದ ದನಿಯಲ್ಲಿ ಮಾತಾಡಿಕೊಂಡು ಕೂತೆವು. ಸಾವಲ್ಲ, ನಿದ್ದೆ. ಸಂಜೆ ಬಾಗಿಲುಗಳು ತೆರೆದವು. ಬೆಂಚಿನ ಮೇಲೆ ಮುದುಕರು ಬಂದು ಕೂತು, ನಾವು ಕೂತಿದ್ದ ಜಾಗ ತಮ್ಮದೆಂಬಂತೆ ನೋಡಿದರು. ಪಿಯೆರಾ ಏದುಸಿರು ಬಿಡುತ್ತ ಬಂದು ಇಬ್ಬರಿಗೂ ಎರಡೂ ಕೆನ್ನೆಗೆ ಮುತ್ತಿಟ್ಟರು. ಮಾವ ಎಂಬತ್ತು ವರ್ಷಗಳಲ್ಲಿ ಇಂಥದ್ದಕ್ಕೆ ಸಿದ್ಧರಾದವರಲ್ಲ. ಅಟೆನ್ಷನ್ನಿನಲ್ಲಿ ನಿಂತೇ ಇದ್ದರು. ಗೋಡೆಯ ಚಿತ್ರ ನಾಳೆ ನೋಡೋಣ, ಅಮ್ಮ ಬೇಗ ಮಲಗುತ್ತಾಳೆ, ಅವಳಿಲ್ಲದೆ ತೋರಿಸಬಾರದು ಎಂದರು ಪಿಯೆರಾ. ಚಿತ್ರದಲ್ಲಿ ಹೇಸರಗತ್ತೆಯ ಮೇಲಿದ್ದ ಹುಡುಗಿ ಆ ಅಮ್ಮನೇ.

ಪಿಯೆರಾ ಅವರ ಮನೆ

ಬೆಳಿಗ್ಗೆ ಹೋದೆವು. ಪಿಯೆರಾ ಮೊದಲು ತಮ್ಮ ಸಂಗ್ರಹದ ಕೋಣೆ ತೋರಿಸಿದರು. ಹಳೆಯ ಹಿತ್ತಾಳೆ ಅಸಲಿಯೋ ನಕಲಿಯೋ ನೋಡಲು ಮಾವ ಅದನ್ನು ಮೂಸುತ್ತಾರೆ. ಆ ಕೋಣೆಯಲ್ಲೂ ಒಂದು ಬಕಲ್ ಎತ್ತಿ ಮೂಸಿದರು. ಪಿಯೆರಾ ಇನ್ನೊಂದನ್ನು ಎತ್ತಿ ತಾವೂ ಮೂಸಿ, ತಲೆಯಾಡಿಸಿದರು. ಒಬ್ಬರಿಗೊಬ್ಬರ ಭಾಷೆಯ ಗಂಧವಿಲ್ಲದ ಇಬ್ಬರು ಹೀಗೆ ಕೋಣೆಯ ಸಾಮಾನನ್ನೆಲ್ಲ ಮೂಸುತ್ತ ನಡೆದರು. ಮೂಸಿದ್ದನ್ನೇ ಮಾವ ಮತ್ತೆ ಮೂಸಿದರು. ಅವರು ಬೇಕೆಂದೇ ತಡಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಹಜಾರದಲ್ಲಿ ಕಿಟಕಿ, ಎದುರಿಗೆ ಗೋಡೆ, ಗೋಡೆಯ ಮೇಲೆ ಚಿತ್ರ. ನಾನು ದುಪಟ್ಟಾ ಬಿಡಿಸಿ ಬೆಳಕಿಗೆ ಅಡ್ಡ ಹಿಡಿದೆ.

ಇಪ್ಪತ್ತು ದಾಟಿದ ಹುಡುಗ. ಉದ್ದ ಮುಖ, ಅಗಲ ಕಿವಿ, ಮುಂದಿನ ಹಲ್ಲುಗಳ ನಡುವೆ ಸಂದು. ಹೇಸರಗತ್ತೆ ಅವನ ಭುಜಕ್ಕೆ ಮೂಗು ಒರೆಸುತ್ತಿದೆ, ಅವನು ನಗುತ್ತಿದ್ದಾನೆ. ನಮ್ಮ ಮಾವನದು ಗುಂಡು ಮುಖ. ಚಪ್ಪಟೆ ಮೂಗು. ಕಿವಿ ಚಿಕ್ಕದು. ಎಲ್ಲಿಂದ ನೋಡಿದರೂ ಹೋಲಿಕೆ ಇರಲಿಲ್ಲ.

ಮಾವ ಭೂತಗನ್ನಡಿ ತೆಗೆದು ಕರಡಿಗೆ ನೋಡಿದರು, ಮುಖ ನೋಡಿದರು, ಮತ್ತೆ ಕರಡಿಗೆ ನೋಡಿದರು. ಆಮೇಲೆ ಅಲ್ಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟರು.

‘ನನ್ನಂಗಿಲ್ಲ’ ಎಂದರು.

‘ಕರಡಿಗೆ ಅದೇ ಅಲ್ವಾ ಮಾವ?’

‘ಕೊಂಡಿ ಯಾರ್ದಾದ್ರೂ ಮುರೀತದೆ, ಬಟ್ಟೆ ಯಾರಾದ್ರೂ ಸುತ್ತಾರೆ. ಹಂಗಿದ್ರೆ ನಾನ್ ಕನ್ನಡೀಲಿ ದಿನಾ ನೋಡ್ತಿದ್ದಿದ್ದು ಯಾರ್ನ?’

ನಾನು ಫೋನು ತೆಗೆದೆ. ಪಿಯೆರಾ ಅವರ ತಾಯಿ ಅಸ್ಸುಂತಾ ಅದೇ ಹಜಾರದ ಒಲೆಯ ಪಕ್ಕದಲ್ಲಿ ಕೂತಿದ್ದರು. ತೊಂಬತ್ತು ಮುಟ್ಟಿದ ಅಜ್ಜಿ. ಫೋನಿನ ಮೂಲಕ ಸಿಪಾಯಿಯ ಬಗ್ಗೆ ಕೇಳಿದೆವು. ಫೋನಿನ ಕನ್ನಡ ಸದಾ ಪಠ್ಯಪುಸ್ತಕದ್ದು: ‘ಆ ಹೇಸರಗತ್ತೆಯ ಹೆಸರು ಜೀನಾ. ಅದರ ಒಂದು ಕಾಲು ಬಿಳಿ ವರ್ಣದ್ದಾಗಿತ್ತು. ಅದು ನಮ್ಮ ಹಾಸಿಗೆಯ ಹೊದಿಕೆಯನ್ನು ಭಕ್ಷಿಸಿತು.’ ಸಿಪಾಯಿ? ‘ಸಿಪಾಯಿ ಒಳ್ಳೆಯವನಾಗಿದ್ದನು. ಜೀನಾಳಿಗೆ ಸಕ್ಕರೆ ಎಂದರೆ ಪ್ರಾಣ.’ ಹತ್ತು ಸಲ ಕೇಳಿದರೂ ಅಜ್ಜಿ ಹೇಸರಗತ್ತೆಯನ್ನು ಬಿಟ್ಟು ಕದಲಲಿಲ್ಲ.

ಊಟದ ಹೊತ್ತಾಯಿತು. ಮಾವ ಎಲ್ಲ ಆಸೆ ಬಿಟ್ಟವರಂತೆ ಎದ್ದರು. ಹೋಟೆಲಿನಲ್ಲಿ ಬೆಳಗಿನ ಸ್ನಾನವೇನೋ ಆಗಿತ್ತು. ಬೇಗ ಬರುವ ಆತುರದಲ್ಲಿ ಪೂಜೆ ಉಳಿದಿತ್ತು. ಆಗ ಅವರ ಕಣ್ಣು ಒಲೆಯ ಮೇಲೆ ಬಿತ್ತು. ನಿಜವಾದ ಸೌದೆ ಒಲೆ. ಮೊದಲ ಸಲ ಇಟಲಿಯಲ್ಲಿ ಮಾವನ ಮುಖ ಅರಳಿತು.

‘ಗೌರವ್ವ, ಒಂದ್ ಚೂರು ಬೂದಿ ಕೊಡ್ತಾರಾ ಕೇಳು.’

ಫೋನು ಕೇಳಿತು. ಪಿಯೆರಾ ಅರ್ಥವಾಗದೆ ಪೊರಕೆ ತರಲು ಹೊರಟರು. ಅಸ್ಸುಂತಾ ಅಜ್ಜಿ ಮಾತ್ರ ಇದ್ದಕ್ಕಿದ್ದಂತೆ ನೆಟ್ಟಗೆ ಕೂತು, ಊರುಗೋಲನ್ನು ನೆಲಕ್ಕೆ ಕುಟ್ಟಿ, ಚಿತ್ರ ತೋರಿಸುತ್ತ, ಮಾವನನ್ನು ತೋರಿಸುತ್ತ, ಒಂದೇ ಉಸಿರಿಗೆ ಏನೇನೋ ಹೇಳತೊಡಗಿದರು. ಫೋನಿಗೆ ಅವರ ವೇಗ ಹಿಡಿಯಲಾಗಲಿಲ್ಲ. ಕೊನೆಗೆ ಅದು ಹೇಳಿದ್ದು ಇಷ್ಟು: ‘ಅವನೂ ಕೇಳುತ್ತಿದ್ದನು. ಪ್ರತಿ ಮುಂಜಾನೆ ನನ್ನ ತಾಯಿಯ ಬಳಿ ಇದೇ ಒಲೆಯ ಬೂದಿಯನ್ನು ಕೇಳುತ್ತಿದ್ದನು. ಹಣೆಯ ಮೇಲೆ ಇಡದೆ ಆಹಾರವನ್ನು ಮುಟ್ಟುತ್ತಿರಲಿಲ್ಲ.’

ಅಲ್ಲಿಯ ಕ್ರೈಸ್ತರು ವರ್ಷಕ್ಕೊಂದು ಬುಧವಾರ ಇಗರ್ಜಿಯಲ್ಲಿ ಹಣೆಗೆ ಬೂದಿ ಇಡಿಸಿಕೊಳ್ಳುತ್ತಾರೆ. ಪ್ರತಿದಿನವೂ ಬೂದಿಬುಧವಾರ ಮಾಡುವ ಇವನೆಂಥ ಪುಣ್ಯಾತ್ಮ ಎಂದು ಅಜ್ಜಿಯ ತಾಯಿ ಅವನಿಗೆ ಬೂದಿಯನ್ನು ಜರಡಿ ಹಿಡಿದು ಕೊಡುತ್ತಿದ್ದರಂತೆ. ಇನ್ನೂ ಒಂದು ವಿಷಯ ನೆನಪಿತ್ತು. ಹೆಂಡತಿಯನ್ನು ಬಸುರಿಯಾಗಿದ್ದಾಗ ಬಿಟ್ಟುಬಂದೆನೆಂದು ಅವನು ಹೊಟ್ಟೆಯ ಮುಂದೆ ಕೈ ಬಳಸಿ ತೋರಿಸುತ್ತಿದ್ದನಂತೆ. ಅಜ್ಜಿ ಹಾಗೆಯೇ ಕೈ ಮಾಡಿ ತೋರಿಸಿದರು. ಅದಕ್ಕೆ ಫೋನು ಬೇಕಾಗಲಿಲ್ಲ.

ಮಾವ ಚಿತ್ರದ ಹತ್ತಿರ ಹೋದರು, ನಾನು ಮತ್ತೆ ದುಪಟ್ಟಾ ಅಡ್ಡ ಹಿಡಿದೆ. ಈ ಸಲ ಭೂತಗನ್ನಡಿಯನ್ನು ಸಿಪಾಯಿಯ ಹಣೆಯ ಮೇಲೆ ಹಿಡಿದರು. ಮೂರು ಗೆರೆ ಮಸುಕಾಗಿ ಇದ್ದವು. ನಾವು ಕಿವಿ ಮೂಗು ಹೋಲಿಸುವ ಗಲಾಟೆಯಲ್ಲಿ ಅದನ್ನು ನೋಡಿರಲೇ ಇಲ್ಲ.

‘ನಮ್ಮವ್ವ ಸುಳ್ ಹೇಳ್ಬುಡ್ತು ಕಣವ್ವ’ ಎಂದರು ಮಾವ. ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ‘ಕನ್ನಡೀಲಿ ಅಪ್ಪ ಇರ್ಲಿಲ್ಲ. ಇಷ್ಟ್ ವರ್ಸ ನಾನು ಅವ್ವನ ಮುಖಾನೇ ನೋಡ್ಕೊಂಡು ಅಪ್ಪ ಅಂದ್ಕಂಡಿದ್ದೆ.’

ಅಸ್ಸುಂತಾ ಅಜ್ಜಿ ತಾವೇ ಎದ್ದು ಬೂದಿಯನ್ನು ಜರಡಿ ಹಿಡಿದು ಬಟ್ಟಲಲ್ಲಿ ಕೊಟ್ಟರು. ಮಾವ ತಾವು ಧರಿಸಿಕೊಂಡು, ಅದೇ ಬೆರಳುಗಳನ್ನು ಚಿತ್ರದ ಹಣೆಗೆ ಚಾಚಿದರು. ‘ಮಾವ, ಬೇಡಿ!’ ಎಂದು ನಾನು ಕಿರುಚಿದೆ. ದುಪಟ್ಟಾ ಕೈಯಿಂದ ಜಾರಿತು.

‘ಗಾಜದೆ ಕಣವ್ವ, ಸುಮ್ಮಿರು’ ಎಂದು ಅವರು ಮೂರು ಬೆರಳು ಎಳೆದರು. ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಊಟ ಆರಿಹೋಯಿತು. ಯಾರೂ ದೂರಲಿಲ್ಲ.

ಮತ್ತೆ ವೆಲ್ಲಿಂಗ್ಟನ್

ಗೋಡೆಯ ಮೇಲಿದ್ದಂತೆಯೇ ಚಿತ್ರದ ಫೋಟೊ ತೆಗೆದು ತಂದಿದ್ದೆ. ಮಾವ ದುಪಟ್ಟಾ ಹಿಡಿದಿದ್ದರು. ಗಾಜಿನ ಮೇಲಿನ ಬೂದಿ ಒರೆಸಿದ್ದು ಪಿಯೆರಾ, ಅದೂ ಮಾವನ ಅಪ್ಪಣೆ ಕೇಳಿ. ಊರಿಗೆ ಬಂದು ಬಣ್ಣ ತುಂಬಲು ಕೂತೆ. ಸಾಫ್ಟ್‌ವೇರ್ ಮೊದಲು ಜೀನಾಳ ಬಿಳಿ ಕಾಲಿಗೆ ತಿಳಿನೀಲಿ ಕಾಲುಚೀಲ ತೊಡಿಸಿತು. ಅದನ್ನು ಬಿಚ್ಚಿದೆ. ಹುಡುಗಿಯ ಫ್ರಾಕು ಕೆಂಪೆಂದು ಅಜ್ಜಿ ಹೇಳಿದ್ದರು, ಮಗಳು ಅಲ್ಲವೆಂದಿದ್ದರು. ಅಜ್ಜಿಯ ಮಾತು ನಡೆಸಿದೆ. ಮೈಬಣ್ಣಕ್ಕೆ ಮಾವನ ಮುಂಗೈಯನ್ನು ಬಿಸಿಲಲ್ಲಿಟ್ಟು ನೋಡಿದೆ. ಕರಡಿಗೆಯ ಕೊಂಡಿಗೆ ಸುತ್ತಿದ ಬಟ್ಟೆಗೆ ಹಸಿರು ಹಾಕಿದೆ. ಆ ಬಣ್ಣ ಹಾಕುವಾಗ ಮಾತ್ರ ಮಾವ ಸ್ಟೂಲಿನಿಂದ ಎದ್ದು ನನ್ನ ಬೆನ್ನ ಹಿಂದೆ ಬಂದು ನಿಂತರು. ‘ಇನ್ನೊಂಚೂರು ಗಾಢ’ ಎಂದರು. ಹಣೆಯ ಮೂರು ಗೆರೆಗಳನ್ನು ಇದ್ದ ಹಾಗೇ ಬಿಟ್ಟೆ. ಬೂದಿಗೆ ಬೇರೆ ಬಣ್ಣ ಬೇಕಿರಲಿಲ್ಲ.

ಪಕ್ಷ ಬಂತು. ಉಕ್ಕಿನ ಟೋಪಿಗಳನ್ನು ಸರಿಸಿ ಜಾಗ ಮಾಡಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ ಬಸವಣ್ಣಪ್ಪನವರನ್ನು ಕೂರಿಸಿದೆವು. ಅತ್ತೆ ಬಹಳ ಹೊತ್ತು ನೋಡಿ, ‘ನಿಮ್ಗಿಂತ ಲಕ್ಷಣವಾಗವ್ರೆ’ ಎಂದರು. ಮಾವ ಒಪ್ಪಿದರು. ಎಡೆ ಇಟ್ಟು, ವಿಭೂತಿ ತೇಯ್ದು ಹಣೆಗೆ ಹಚ್ಚಿದರು.

ಮರುದಿನ ಅತ್ತೆ ಒದ್ದೆ ಬಟ್ಟೆ ತಂದರು. ಮಾವ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಪಕ್ಕದಲ್ಲಿ ಬಂದು ನಿಂತರು. ‘ಮೆತ್ತಗೆ’ ಎಂದರು. ಅತ್ತೆ ಮೆತ್ತಗೆ ಒರೆಸುವವರಲ್ಲ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಜೋರಾಗಿ ಉಜ್ಜಿ, ಬಟ್ಟೆ ಕೊಡವಿಕೊಂಡು ಅಡುಗೆಮನೆಗೆ ಹೋದರು. ಮಾವ ಕಣ್ಣು ಮುಚ್ಚಿಕೊಂಡಿದ್ದರು. ನಾನು ಅವರ ಭುಜ ಮುಟ್ಟಿದೆ. ಕಣ್ಣು ಬಿಟ್ಟು ನೋಡಿದರು.

ಮುಖ ಅಲ್ಲೇ ಇತ್ತು.